ಸಿಎ (ನಾಗರಿಕ ಸೌಲಭ್ಯ) ಸೈಟಿನಾಗ ಗ್ರೂಪ್ ಹೋಮ್: ಬೇಕು, ಬ್ಯಾಡ ಅನ್ನೂ ಮೊದಲ ಏನೇನು ನೋಡಬೇಕು?

ಗೋಕುಲ ರಸ್ತೆ ನಿವಾಸಿ

ಎಲ್ಲಾರಿಗೂ ನಮಸ್ಕಾರ. ಹುಬ್ಬಳ್ಳಿ ಗೋಕುಲ ರಸ್ತೆದಾಗಿನ ನಮ್ಮ ಬಡಾವಣೆ ಕೊನೀಗೆ ಖುಲ್ಲಾ ಬಿದ್ದಿರೋ 6 ಗುಂಟೆ ಪಾಲಿಕೆ ಜಾಗಾನ ಒಂದು ಟ್ರಸ್ಟಿಗೆ ಗುತ್ತಿಗೆ ಕೊಡೂ ಪ್ರಸ್ತಾವ ಬಂದೈತಿ. ಮಾನಸಿಕ ಕಾಯಿಲೆಯಿಂದ ಸುಧಾರಿಸಿಕೊಂಡು, ಮನಿಗೆ ಹೋಗಾಕ ಮನಿನ ಇಲ್ಲದ 10 ಮಂದಿಗೆ ಅಲ್ಲಿ ಗ್ರೂಪ್ ಹೋಮ್ ಕಟ್ಟೂದು ಅಂತ. ಮೊನ್ನೆ ಓಣಿ ಸಭಾದಾಗ ಬರೇ ಜೋರು ಮಾತಾತು. ಪಾರ್ಕ್ ಹೋಗ್ತೈತಿ ಅಂದವರು ಕೆಲವರು, ಮಕ್ಕಳ ಸುರಕ್ಷತೆ ಅಂದವರು ಕೆಲವರು, ಸೈಟಿನ ರೇಟ್ ಬೀಳ್ತೈತಿ ಅಂದವರು ಇನ್ನು ಕೆಲವರು. ಕಾನೂನು, ಕಟ್ಟಡ, ಔಷಧ, ಲೆಕ್ಕ ಬಲ್ಲವರು ಇಲ್ಲಿ ವಿವರ ಬರೀರಿ. ಮುಂದಿನ ಸಭಾಕ್ಕ ಅದನ್ನ ಪ್ರಿಂಟ್ ತಗೊಂಡು ಹೋಗೋಣು.

ವಕೀಲರು, ಕೇಶ್ವಾಪುರ

ಜಾಗದ ಕಾಗದ ಕೈಯಲ್ಲಿ ಹಿಡಿಯದೆ ಈ ಚರ್ಚೆ ಮುಂದುವರಿಸಬೇಡಿ. ಎಲ್ಲರೂ "ಪಾಲಿಕೆ ಜಾಗ" ಅನ್ನುತ್ತಿದ್ದಾರೆ. ಅದು ಉದ್ಯಾನಕ್ಕೆ ಬಿಟ್ಟ ಜಾಗವೋ, ಸಿಎ ಸೈಟೋ, ಬರೀ ಉಳಿಕೆ ತುಂಡೋ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಮಂಜೂರಾದ ಲೇಔಟ್ ನಕ್ಷೆಯಲ್ಲಿ ಉದ್ಯಾನ ಎಂದಿದ್ದರೆ ಅಲ್ಲಿಗೆ ಮುಗಿಯಿತು. 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣಾ ಕಾಯ್ದೆ ಇದೆ. ಅದಕ್ಕೂ ಮಿಗಿಲಾಗಿ 1991ರ ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಮುದ್ದಪ್ಪ ಪ್ರಕರಣದ ತೀರ್ಪಿದೆ. ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಿದ್ದನ್ನು ಹೈಕೋರ್ಟ್ ರದ್ದು ಮಾಡಿತ್ತು, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಸ್ಪತ್ರೆ ಒಳ್ಳೆಯ ಉದ್ದೇಶದ್ದೇ ಆದರೂ ಪಾರ್ಕ್ ಪಾರ್ಕಾಗಿಯೇ ಉಳಿಯಬೇಕು ಎಂಬುದು ಅಲ್ಲಿನ ನಿಲುವು. ಗ್ರೂಪ್ ಹೋಮ್‌ಗೂ ಅದೇ ಅನ್ವಯ.

ಸಿಎ ಸೈಟ್ ಆಗಿದ್ದರೆ ಕಥೆ ಬೇರೆ. ಶಾಲೆ, ದವಾಖಾನೆ, ಸಮಾಜ ಸೇವೆಯ ಕೇಂದ್ರಗಳಿಗೆಂದೇ ಅದನ್ನು ಬಿಟ್ಟಿರುತ್ತಾರೆ. ಆದರೆ ಜಾಗ ಇನ್ನೂ ಹುಡಾ (ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ) ಹೆಸರಿನಲ್ಲಿದೆಯೋ, ಪಾಲಿಕೆಗೆ ಹಸ್ತಾಂತರ ಆಗಿದೆಯೋ ನೋಡಬೇಕು. ಹಸ್ತಾಂತರ ಆಗದ ಬಡಾವಣೆಯಲ್ಲಿ ಪಾಲಿಕೆ ಸಾಮಾನ್ಯ ಸಭೆ ಎಷ್ಟು ಠರಾವು ಪಾಸು ಮಾಡಿದರೂ ಅದಕ್ಕೆ ಬೆಲೆ ಇಲ್ಲ. ಪಾಲಿಕೆಯದ್ದೇ ಆದರೆ 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯ ಪ್ರಕಾರ ಠರಾವು ಬೇಕು, ದೀರ್ಘ ಅವಧಿಯ ಗುತ್ತಿಗೆಗೆ ಸರ್ಕಾರದ ಮಂಜೂರಾತಿ ಬೇಕು. ಮಾಸ್ಟರ್ ಪ್ಲಾನಿನಲ್ಲಿ ಬಳಕೆ ಬದಲಾಗಬೇಕಿದ್ದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಕಲಂ 14ಎ ಪ್ರಕಾರ ಸಾರ್ವಜನಿಕ ಪ್ರಕಟಣೆ ಆಗಬೇಕು. ನೆರೆಹೊರೆಯವರಿಗೆ ಅಧಿಕೃತವಾಗಿ ಮಾತಾಡುವ ಅವಕಾಶ ಸಿಗುವುದು ಅಲ್ಲಿ. ಓಣಿಯವರ ಸಹಿ ಸಂಗ್ರಹಕ್ಕೆ ಕಾನೂನಿನಲ್ಲಿ ವೀಟೋ ಬಲ ಇಲ್ಲ.

ಪಾರ್ಕ್ ಉಳಿಸಿ ಬಳಗ

ವಕೀಲ ಸಾಹೇಬ್ರ, ನಾವು ಹೇಳೂದೂ ಅದನ್ನ. ನಮಗ ಯಾರ ಮ್ಯಾಲೂ ಸಿಟ್ಟಿಲ್ಲ. ಬಡಾವಣೆದಾಗ ಮಕ್ಕಳಿಗೆ ಆಡಾಕ ಇನ್ನೊಂದು ಜಾಗ ಇಲ್ಲ. ಅಲ್ಲೇ ಹುಡುಗೂರು ಕ್ರಿಕೆಟ್ ಆಡ್ತಾವ. ಇವತ್ತು ಗ್ರೂಪ್ ಹೋಮ್, ನಾಳೆ ಇನ್ನಾವುದೋ ಸಮಾಜದ ಭವನ. ಒಂದು ಸಲ ಬೇಲಿ ಹಾಕಿದ್ರ ಜಾಗ ಹೋದಂಗನ. ನಕ್ಷೆ ಎಲ್ಲಿ ಸಿಗ್ತೈತಿ ಅದನ್ನ ಹೇಳ್ರಿ.

ನಿವೃತ್ತ ಪಾಲಿಕೆ ಇಂಜಿನಿಯರ್

ಮೂರು ಕಾಗದ ತೆಗೆಸ್ರಿ. ಒಂದು, ಸಿಟಿ ಸರ್ವೆ ಕಚೇರಿಯಿಂದ ಸಿಟಿಎಸ್ ಉತಾರ, ಅಂದ್ರ ಆಸ್ತಿ ದಾಖಲೆ. ಎರಡು, ಮಂಜೂರಾದ ಲೇಔಟ್ ನಕ್ಷೆ, ಹುಡಾ ಕಚೇರಿಯಾಗ. ಮೂರು, ಹಸ್ತಾಂತರ ಪತ್ರ, ಪಾಲಿಕೆ ವಲಯ ಕಚೇರಿಯಾಗ. ಬಾಯಿಲೆ ಕೇಳಿದ್ರ ನಾಳೆ ಬರ್ರಿ ಅಂತಾರ. ಮಾಹಿತಿ ಹಕ್ಕು ಅರ್ಜಿ ಹಾಕ್ರಿ, ಶುಲ್ಕ 10 ರೂಪಾಯಿ, 30 ದಿನದಾಗ ಉತ್ತರ ಕೊಡಬೇಕು. ನಕ್ಷೆ ದೊಡ್ಡದಿದ್ದರ ಪ್ರತಿ ಕೇಳೂದರ ಜೋಡಿ "ಕಡತ ಪರಿಶೀಲನೆಗೆ ಅವಕಾಶ ಕೊಡಿ" ಅಂತನೂ ಬರೀರಿ. ಕಚೇರಿಗೆ ಹೋಗಿ ಕೂತು ನೋಡೂದು ಲಗೂ ಆಗ್ತದ.

ಒಂದು ಎಚ್ಚರ. ಜಾಗದಾಗ ಪಾಲಿಕೆ ಬೋರ್ಡ್ ಐತಿ ಅಂದ ಮಾತ್ರಕ್ಕ ಅದು ಪಾಲಿಕೆದ್ದು ಅಂತಲ್ಲ. ಮಕ್ಕಳು ಆಡ್ತಾರ ಅಂದ ಮಾತ್ರಕ್ಕ ಉದ್ಯಾನನೂ ಅಲ್ಲ. ಕಬ್ಜಾ ತಡೆಯಾಕ ಹಾಕಿದ ಬೋರ್ಡ್ ಭಾಳ ಅದಾವು.

ವಿದ್ಯಾನಗರದ ಓದುಗ

ಪಾರ್ಕ್, ನಕ್ಷೆ ಎಲ್ಲಾ ಸರಿ. ನೇರವಾಗಿ ಕೇಳ್ತೀನಿ. ಇವರು ಹೋಗಬೇಕಾದ್ದು ಡಿಮ್ಹಾನ್ಸ್‌ಗೆ ತಾನೇ? ಧಾರವಾಡದಲ್ಲಿ ಅಷ್ಟು ದೊಡ್ಡ ಆಸ್ಪತ್ರೆ ಇರುವಾಗ ವಸತಿ ಬಡಾವಣೆಯಲ್ಲಿ ಯಾಕೆ? ಎದುರಿಗೇ ಶಾಲೆ ಇದೆ. ಟ್ರಸ್ಟಿನವರು ಅಲ್ಲಿರುವ ಪ್ರತಿಯೊಬ್ಬರ ಹೆಸರು, ಕಾಯಿಲೆ, ಪೊಲೀಸ್ ವರದಿ ಬಡಾವಣೆ ಸಂಘಕ್ಕೆ ಕೊಡಲಿ. ಆಮೇಲೆ ಒಪ್ಪಿಗೆಯ ಮಾತು.

ಮನೋಸಾಮಾಜಿಕ ಕಾರ್ಯಕರ್ತೆ, ಧಾರವಾಡ

ಇದಕ್ಕೆ ಸ್ವಲ್ಪ ಉದ್ದವಾಗಿ ಉತ್ತರಿಸಬೇಕಾಗುತ್ತದೆ.

ಧಾರವಾಡದ ಮಾನಸಿಕ ಆಸ್ಪತ್ರೆ 1845ರಿಂದ ಇದೆ. ಅದು ಚಿಕಿತ್ಸೆಯ ಜಾಗ. ಚಿಕಿತ್ಸೆ ಮುಗಿದು ಬಿಡುಗಡೆಗೆ ತಯಾರಿರುವವರು ಮನೆಯವರು ಕರೆದುಕೊಂಡು ಹೋಗಲಿಲ್ಲ ಎಂಬ ಒಂದೇ ಕಾರಣಕ್ಕೆ ಆಸ್ಪತ್ರೆಯಲ್ಲೇ ಉಳಿಯಬಾರದು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಕಲಂ 19. ಗ್ರೂಪ್ ಹೋಮ್, ಹಾಫ್‌ವೇ ಹೋಮ್‌ಗಳನ್ನು (ಆಸ್ಪತ್ರೆಯಿಂದ ಬಿಡುಗಡೆಯಾದವರ ಮಧ್ಯಂತರ ವಸತಿ) ಸರ್ಕಾರ ಮಾಡಬೇಕು ಅಥವಾ ಮಾಡುವವರಿಗೆ ಬೆಂಬಲ ಕೊಡಬೇಕು ಎಂದು ಅದೇ ಕಲಮಿನಲ್ಲಿದೆ. 2017ರಲ್ಲೇ ಗೌರವ್ ಕುಮಾರ್ ಬನ್ಸಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವಿಷಯವನ್ನು ರಾಜ್ಯಗಳ ಮುಂದಿಟ್ಟಿತು. ಗುಣವಾದವರನ್ನು ಮತ್ತೆ ಆಸ್ಪತ್ರೆಗೆ ಕಳಿಸಿ ಅನ್ನುವುದು, ಕಾಲು ಮುರಿದು ಕೂಡಿಕೊಂಡವರನ್ನು ಜೀವಮಾನವೆಲ್ಲ ವಾರ್ಡಿನಲ್ಲೇ ಮಲಗಿಸಿ ಅಂದಂತೆ.

ಹೆಸರು, ಕಾಯಿಲೆಯ ಪಟ್ಟಿ ಸಂಘಕ್ಕೆ ಕೊಡಲು ಬರುವುದಿಲ್ಲ. ಅದೇ ಕಾಯ್ದೆಯ ಕಲಂ 23 ಗೋಪ್ಯತೆಯ ಹಕ್ಕು. ಪಟ್ಟಿ ಕೊಟ್ಟ ಟ್ರಸ್ಟೇ ಕಾನೂನು ಮುರಿದಂತೆ ಆಗುತ್ತದೆ. ಪೊಲೀಸ್ ಪರಿಶೀಲನೆ ಕೇಳುವುದಿದ್ದರೆ ಸಿಬ್ಬಂದಿಯದ್ದು ಕೇಳಿ. ಅದು ನ್ಯಾಯವಾದ ಬೇಡಿಕೆ, ಅಲ್ಲಿ ವಾಸ ಮಾಡುವವರ ರಕ್ಷಣೆಗೂ ಅದು ಬೇಕು. ಮಾನಸಿಕ ಕಾಯಿಲೆ ಇರುವವರು ಹಿಂಸೆ ಮಾಡುವುದಕ್ಕಿಂತ ಹಿಂಸೆಗೆ ಒಳಗಾಗುವುದೇ ಹೆಚ್ಚು.

ಇನ್ನು ಗ್ರೂಪ್ ಹೋಮ್‌ಗೆ ಯಾರು ಬರುತ್ತಾರೆ ಅನ್ನುವುದು. ಔಷಧವನ್ನು ತಾವಾಗಿ ಅಥವಾ ನೆನಪಿಸಿದರೆ ತೆಗೆದುಕೊಳ್ಳುವವರು, ಸ್ನಾನ, ಊಟ, ಬಟ್ಟೆ ತಾವೇ ನೋಡಿಕೊಳ್ಳುವವರು, ಇನ್ನೊಬ್ಬರ ಜೊತೆ ಕೋಣೆ ಹಂಚಿಕೊಳ್ಳಬಲ್ಲವರು. ಬೆಳಿಗ್ಗೆ ಹೆಚ್ಚಿನವರು ಕೆಲಸಕ್ಕೋ ತರಬೇತಿಗೋ ಹೊರಗೆ ಹೋಗುತ್ತಾರೆ. ರೊಟ್ಟಿ ಕೇಂದ್ರ, ಹೊಲಿಗೆ, ನರ್ಸರಿ, ಪ್ಯಾಕಿಂಗ್, ಹೀಗೆ. ತೀವ್ರ ಹಂತದಲ್ಲಿರುವವರು ಇಲ್ಲಿಗೆ ಬರುವುದಿಲ್ಲ. ಅವರಿಗೆ ಆಸ್ಪತ್ರೆಯೇ ಬೇಕು.

ಪ್ರಸ್ತಾವದ ಬಗ್ಗೆ ನನಗಿರುವ ಅನುಮಾನ ಬೇರೆಯದು. ಕರಡಿನಲ್ಲಿ "ಮಾನಸಿಕ ಅಸ್ವಸ್ಥರು ಹಾಗೂ ಬುದ್ಧಿಮಾಂದ್ಯರು" ಎಂದು ಒಂದೇ ಉಸಿರಿನಲ್ಲಿ ಬರೆದಿದ್ದಾರೆ. ಇವೆರಡೂ ಬೇರೆ. ಬೌದ್ಧಿಕ ವಿಕಲತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವ ವಯಸ್ಕರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ, ಅದರಡಿ ಈಗ ಸಮರ್ಥ್-ಕಮ್-ಘರೌಂಡಾ ಎಂಬ ವಸತಿ ಯೋಜನೆ ಇದೆ, ಕಾನೂನುಬದ್ಧ ಪೋಷಕರ ನೇಮಕಕ್ಕೆ ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿ ಇದೆ. ಮಾನಸಿಕ ಕಾಯಿಲೆಯವರಿಗೆ 2017ರ ಕಾಯ್ದೆ, ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ. ಇಬ್ಬರನ್ನೂ ಒಂದೇ ಮನೆಯಲ್ಲಿ ಹಾಕಿದರೆ ಸಿಬ್ಬಂದಿಗೆ ಎರಡು ಬಗೆಯ ತರಬೇತಿ, ದಿನಚರಿ ಎರಡು ಬಗೆಯದು, ಅನುದಾನ ಎರಡು ಇಲಾಖೆಯದು. ಕೊನೆಗೆ ದುರ್ಬಲರಾದವರೇ ಮೂಲೆಗೆ ಬೀಳುತ್ತಾರೆ. ಒಂದನ್ನು ಆರಿಸಿಕೊಳ್ಳಿ ಎಂದು ಟ್ರಸ್ಟಿಗೆ ಬರೆದು ಕೇಳಬೇಕು.

ವಿದ್ಯಾನಗರದ ಓದುಗ

ಅಕ್ಕಾರ, ಪಟ್ಟಿ ವಿಷಯ ಒಪ್ಪಿದೆ. ಶಾಲೆಯ ಮಾತಿಗೆ ಉತ್ತರ ಸಿಗಲಿಲ್ಲ.

ವಕೀಲರು, ಕೇಶ್ವಾಪುರ

ಆ ಮಾತು ಹಳೆಯದು, ನಮ್ಮ ದೇಶದ್ದು ಮಾತ್ರವೂ ಅಲ್ಲ. ಅಮೆರಿಕದ ಟೆಕ್ಸಾಸಿನಲ್ಲಿ ಕ್ಲೆಬರ್ನ್ ಎಂಬ ಊರಿದೆ. ಬೌದ್ಧಿಕ ವಿಕಲತೆಯ 13 ಜನರ ಗ್ರೂಪ್ ಹೋಮ್‌ಗೆ ಅಲ್ಲಿನ ನಗರಸಭೆ ಪರವಾನಗಿ ಕೊಡಲಿಲ್ಲ. ಎದುರಿಗೆ ಶಾಲೆ ಇದೆ, ನೆರೆಯವರಿಗೆ ಭಯ, ಐನೂರು ವರ್ಷಕ್ಕೊಮ್ಮೆ ಬರುವಂಥ ಪ್ರವಾಹದ ನೀರು ನುಗ್ಗುವ ಜಾಗ ಅದು, ಒಂದೇ ಮನೆಯಲ್ಲಿ ಜನ ಹೆಚ್ಚಾಗುತ್ತಾರೆ ಎಂದು ಕಾರಣ ಕೊಟ್ಟರು. 1985ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಂದೊಂದನ್ನೇ ಬಿಡಿಸಿ ನೋಡಿತು. ಅದೇ ಶಾಲೆಯಲ್ಲಿ ಅಂಥದೇ ವಿಕಲತೆಯ ಸುಮಾರು 30 ಮಕ್ಕಳು ಓದುತ್ತಿದ್ದರು. ಅದೇ ಜಾಗದಲ್ಲಿ ನರ್ಸಿಂಗ್ ಹೋಮ್, ಹಾಸ್ಟೆಲ್, ಅಪಾರ್ಟ್‌ಮೆಂಟ್ ಕಟ್ಟಲು ಇಂಥ ವಿಶೇಷ ಪರವಾನಗಿಯೇ ಬೇಕಿರಲಿಲ್ಲ. ಹಾಗಾದರೆ ಪ್ರವಾಹದ ನೀರು ಇವರಿಗೆ ಮಾತ್ರ ಬರುತ್ತದೆಯೇ? ಕೋರ್ಟ್ ನಿರಾಕರಣೆಯನ್ನು ರದ್ದು ಮಾಡಿತು.

ಆ ತೀರ್ಪು ನಮ್ಮನ್ನು ಕಟ್ಟಿಹಾಕುವುದಿಲ್ಲ, ಪರೀಕ್ಷೆ ಮಾಡುವ ರೀತಿ ಮಾತ್ರ ನಮಗೂ ಬರುತ್ತದೆ. ಅದೇ 6 ಗುಂಟೆಯಲ್ಲಿ ಪಿಜಿ ಹಾಸ್ಟೆಲ್ಲೋ ಸಮುದಾಯ ಭವನವೋ ಬಂದರೆ ಇದೇ ಆಕ್ಷೇಪ ಎತ್ತುತ್ತೇವೆಯೇ? ಎತ್ತುವುದಾದರೆ ಅದು ಜಾಗದ ಆಕ್ಷೇಪ, ಅಧಿಕಾರಿಗಳು ಕಿವಿಗೊಡಬೇಕು. ಇವರಿಗೆ ಮಾತ್ರ ಎತ್ತುವುದಾದರೆ ಅದು ಹೈಕೋರ್ಟ್ ಧಾರವಾಡ ಪೀಠದಲ್ಲಿ ನಿಲ್ಲುವುದು ಕಷ್ಟ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಕಲಂ 37ರಲ್ಲಿ ವಸತಿ, ಆಶ್ರಯದಂಥ ಉದ್ದೇಶಕ್ಕೆ ರಿಯಾಯಿತಿ ದರದಲ್ಲಿ ಕೊಡುವ ಜಾಗದಲ್ಲಿ ಶೇ 5 ಮೀಸಲು ಕೂಡ ಇದೆ.

ಸೈಟಿನ ದರದ ಬಗ್ಗೆ ಒಂದೇ ಸಾಲು. ಅಮೆರಿಕ, ಕೆನಡಾಗಳಲ್ಲಿ ಇದನ್ನೇ ಹುಡುಕಿಕೊಂಡು ಅನೇಕ ಅಧ್ಯಯನಗಳು ನಡೆದವು, ಹೆಚ್ಚಿನವಕ್ಕೆ ದರ ಕುಸಿದದ್ದು ಕಾಣಲಿಲ್ಲ.

ಕಟ್ಟಡ ಗುತ್ತಿಗೆದಾರ, ಹಳೇ ಹುಬ್ಬಳ್ಳಿ

ಕಾನೂನು ನೀವು ನೋಡ್ಕೋರಿ, ನಾ ಮಣ್ಣಿಂದು ಹೇಳ್ತೀನಿ. ಆ ಜಾಗ ಎರಿ ಭೂಮಿ, ಅಂದ್ರ ಕಪ್ಪು ಮಣ್ಣು. ಧಾರವಾಡದ ಪಶ್ಚಿಮಕ್ಕ ಕೆಂಪು ಮಣ್ಣು ಸಿಗ್ತೈತಿ, ಹುಬ್ಬಳ್ಳಿ ಭಾಗದಾಗ ಹೆಚ್ಚಿನ ಕಡೆ ಎರಿ. ಮಳಿಗಾಲದಾಗ ಉಬ್ಬತೈತಿ, ಬ್ಯಾಸಿಗ್ಯಾಗ ಕುಗ್ಗಿ ಸೀಳತೈತಿ. ಸಾದಾ ಕಲ್ಲಿನ ಪಾಯ ಹಾಕಿದ್ರ ಎರಡು ಮಳಿಗಾಲದಾಗ ಕಿಡಕಿ ಮೂಲಿಯಿಂದ ಅಡ್ಡ ಬಿರುಕು ಬರ್ತಾವು, ಬಾಗಲಾ ಚೌಕಟ್ಟು ಹಿಡೀತಾವು. ಇಂಥ ಮನ್ಯಾಗ ಬಾಗಲಾ ಹಿಡಿಯೂದು ಸಣ್ಣ ಮಾತಲ್ಲ, ರಾತ್ರಿ ಬೆಂಕಿ ಹತ್ತಿದ್ರ ಹೊರಗ ಬರೂದು ಹೆಂಗ?

ಅಂಡರ್ ರೀಮ್ಡ್ ಪೈಲ್ (ತಳದಾಗ ಅಗಲ ಆಗೂ ಕಾಂಕ್ರೀಟ್ ಕಂಬ) ಹಾಕ್ರಿ, ಸಾಮಾನ್ಯವಾಗಿ ಮೂರೂವರೆ ಮೀಟರ್ ಆಳ, ಮ್ಯಾಲೆ ಗ್ರೇಡ್ ಬೀಮ್. ಬೀಮ್ ಕೆಳಗ ಮಣ್ಣಿಗೆ ತಾಗದಂಗ ಸಂದು ಬಿಡಬೇಕು, ಇಲ್ಲಾಂದ್ರ ಉಬ್ಬಿದ ಮಣ್ಣು ಬೀಮ್ ಎತ್ತತೈತಿ. ಒಳಗ ಎರಿ ತೆಗೆದು ಗರಸು ತುಂಬಿ, ಥರಾ ಥರಾ ನೀರು ಹೊಡದು ಕುಟ್ಟಬೇಕು. ಸುತ್ತ ಮೂರು ಅಡಿ ಅಗಲ ಕಾಂಕ್ರೀಟ್ ಏಪ್ರನ್, ಹೊರಗ ಇಳಿಜಾರು. ಗೋಡಿಗೆ ಹತ್ತಿ ಗಿಡ ಹಚ್ಚಬ್ಯಾಡ್ರಿ, ಬೇರು ನೀರು ಎಳದ್ರ ಅಲ್ಲೇ ಮಣ್ಣು ಕುಗ್ಗತೈತಿ.

ಇನ್ನೊಂದು, ಸೋಕ್ ಪಿಟ್ (ಇಂಗುಗುಂಡಿ) ಎರಿ ಮಣ್ಣಿನಾಗ ನಡಿಯೂದಿಲ್ಲ. ನೀರು ಇಂಗೂದಿಲ್ಲ, ಮಳಿಗಾಲದಾಗ ತುಂಬಿ ಗಟಾರಕ್ಕ ಬರ್ತೈತಿ. ಒಳಚರಂಡಿ ಲೈನ್ ಆ ರಸ್ತೆಗೆ ಬಂದೈತೋ ಇಲ್ಲೋ ಮೊದಲ ನೋಡ್ರಿ. ಬಂದಿಲ್ಲಾಂದ್ರ ಕಟ್ಟಡಕ್ಕಿಂತ ಮೊದಲ ಅದನ್ನ ಕೇಳ್ರಿ, ಇಡೀ ಓಣಿಗೆ ಲಾಭ.

ನಿವೃತ್ತ ಪಾಲಿಕೆ ಇಂಜಿನಿಯರ್

ಗುತ್ತಿಗೆದಾರರ ಮಾತು ನೂರಕ್ಕ ನೂರು ಖರೆ. ನೀರಿನ ಲೆಕ್ಕ ನಾ ಕೂಡಸ್ತೀನಿ. 10 ನಿವಾಸಿಗಳು, ಒಳಗ ಇರೋ 2 ಸಿಬ್ಬಂದಿ, ಒಟ್ಟು 12. ತಲಿಗೆ ದಿನಕ್ಕ 135 ಲೀಟರ್ ಹಿಡಿದ್ರ 1,620 ಲೀಟರ್. 24 ತಾಸಿನ ನೀರು ಬರದ ಬಡಾವಣೆದಾಗ ವಾರಕ್ಕೊಮ್ಮೆ ಬರ್ತದ ಅಂತ ಹಿಡೀರಿ, 11,340 ಲೀಟರ್ ಬೇಕಾತು. ಹಂಗಂದ್ರ 12,000 ಲೀಟರಿನ ಸಂಪು. ಒಳ ಅಳತೆ 3 ಮೀಟರ್ ಉದ್ದ, 2 ಮೀಟರ್ ಅಗಲ, ನೀರಿನ ಆಳ 2 ಮೀಟರ್, ಮ್ಯಾಲ ಒಂದು ಅಡಿ ಖಾಲಿ. ಮ್ಯಾಲಿನ ಟಾಕಿ 2,000 ಲೀಟರ್. ಪ್ರಸ್ತಾವದ ನಕ್ಷೆದಾಗ ಸಂಪು 5,000 ಲೀಟರಿಂದು ತೋರಿಸ್ಯಾರ. ಮೂರು ದಿನಕ್ಕ ಖಾಲಿ, ಆಮ್ಯಾಲ ಟ್ಯಾಂಕರ್. ಟ್ಯಾಂಕರ್ ನಿಂತಾಗ 30 ಅಡಿ ರಸ್ತೆದಾಗ ಜಗಳ ಆಗೂದು ಖಾತ್ರಿ, ಹೆಸರು ಕೆಡೂದು ನಿವಾಸಿಗಳದ್ದು.

ಎರಿ ಮಣ್ಣಿನ ಸಲುವಾಗಿ ಪ್ಲಿಂತ್ (ಮನಿ ನೆಲಮಟ್ಟ) ಎರಡು ಅಡಿ ಏರಿಸ್ತಾರ. 1:12 ಇಳಿಜಾರಿಗೆ ರ‍್ಯಾಂಪ್ 24 ಅಡಿ ಉದ್ದ ಆಗಬೇಕು. ನಕ್ಷೆದಾಗ 10 ಅಡಿ ಅದ. ಅದು ರ‍್ಯಾಂಪ್ ಅಲ್ಲ, ಜಾರಬಂಡಿ. ಮಧ್ಯ ತಿರುವು ಕೊಟ್ಟು ಐದು ಅಡಿ ಚೌಕ ಸಪಾಟು ಜಾಗ ಬಿಟ್ರ 6 ಗುಂಟೆದಾಗ ಆರಾಮ ಕೂಡ್ತದ. ಬಾಗಲಾ ತೆರೆದಾಗ 900 ಮಿಲಿಮೀಟರ್ ಸಿಗಬೇಕು. ಒಂದು ಬಚ್ಚಲದಾಗರ ಗಾಲಿ ಕುರ್ಚಿ ತಿರುಗಾಕ 1,500 ಮಿಲಿಮೀಟರ್ ವ್ಯಾಸದ ಜಾಗ ಬೇಕು. ಇವರಿಗೂ ವಯಸ್ಸಾಗ್ತದ ಅಲ್ಲೇನ್ರಿ.

ಜಾಗದ ಉತ್ತರ ಅಂಚಿನಾಗ ಹೆಸ್ಕಾಂ 11 ಕೆವಿ ಲೈನ್ ಹೋಗ್ಯದ. ಗೋಡೆಯಿಂದ ಅಡ್ಡಲಾಗಿ ಕನಿಷ್ಠ 1.2 ಮೀಟರ್ ಅಂತರ ಬೇಕು. ಬಾಲ್ಕನಿ, ಸಜ್ಜಾ ಸೇರಿಸಿ ಅಳೀರಿ.

ಶುಶ್ರೂಷಾ ಅಧಿಕಾರಿ

ಇಂಜಿನಿಯರ್ ಸರ್, ನೀರಿನ ಲೆಕ್ಕ ಬರೆದದ್ದು ತುಂಬ ಒಳ್ಳೆಯದಾಯಿತು, ಅದಕ್ಕೆ ಔಷಧದ ಸಂಬಂಧವೂ ಇದೆ. ಲಿಥಿಯಂ ತೆಗೆದುಕೊಳ್ಳುವವರಿಗೆ ಬೇಸಿಗೆಯಲ್ಲಿ ನೀರು, ಉಪ್ಪು ಕಡಿಮೆಯಾದರೆ ರಕ್ತದಲ್ಲಿ ಔಷಧದ ಮಟ್ಟ ಏರಿ ವಿಷವಾಗುತ್ತದೆ. ಕೈ ನಡುಕ, ವಾಂತಿ ಭೇದಿ, ತೊದಲು ಮಾತು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನೀರು ನಿಂತ ಮನೆಯಲ್ಲಿ ಇದು ಬರೀ ಅನಾನುಕೂಲವಲ್ಲ. ಕ್ಲೋಜಪೈನ್ ಹೊಸದಾಗಿ ಶುರುವಾದವರಿಗೆ ಮೊದಲ 18 ವಾರ ಪ್ರತಿವಾರ, ಆಮೇಲೆ ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಬೇಕು. ಜ್ವರ, ಗಂಟಲು ನೋವು ಬಂದರೆ ಕಾಯದೆ ರಕ್ತ ತೋರಿಸಬೇಕು. ಡಿಪೋ ಇಂಜೆಕ್ಷನ್ (ಒಮ್ಮೆ ಕೊಟ್ಟರೆ ವಾರಗಟ್ಟಲೆ ಕೆಲಸ ಮಾಡುವಂಥದ್ದು) ಇರುವವರಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ.

ಹೀಗಾಗಿ ಸಾರಿಗೆ ಮುಖ್ಯ. ಚಿಗರಿ ಬಸ್ ಹತ್ತಿ ಧಾರವಾಡ ಜುಬಿಲಿ ಸರ್ಕಲ್, ಅಲ್ಲಿಂದ ಆಟೋ ಹಿಡಿದರೆ ಡಿಮ್ಹಾನ್ಸ್. ಇತ್ತ ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆ (ಈಗಿನ ಕೆಎಂಸಿಆರ್‌ಐ) ಇನ್ನೂ ಹತ್ತಿರ. ಊರ ಹೊರಗೆ ಐದೆಕರೆ ಕೊಟ್ಟು ಅಲ್ಲಿ ಕಟ್ಟಿ ಅನ್ನುವವರು ಈ ಓಡಾಟವನ್ನು ಲೆಕ್ಕಕ್ಕೆ ಹಿಡಿಯಬೇಕು. ಹೊರಗೆ ಇಟ್ಟ ಮನೆಗಳಲ್ಲಿ ಇಂಜೆಕ್ಷನ್ ದಿನ ತಪ್ಪುತ್ತದೆ, ದಿನ ತಪ್ಪಿದರೆ ಕಾಯಿಲೆ ಮರುಕಳಿಸುತ್ತದೆ.

ಔಷಧದ ಕಪಾಟಿಗೆ ಬೀಗ, ಎರಡು ಪುಸ್ತಕ. ಬಂದದ್ದಕ್ಕೆ ಒಂದು, ಪ್ರತಿಯೊಬ್ಬರೂ ತೆಗೆದುಕೊಂಡದ್ದಕ್ಕೆ ಸಮಯ, ಸಹಿ ಸಮೇತ ಇನ್ನೊಂದು. ವಾರಕ್ಕೊಮ್ಮೆ ಎರಡನ್ನೂ ತಾಳೆ ನೋಡಬೇಕು. ಗುಳಿಗೆ ಉಳಿದಿದ್ದರೆ ಯಾರೋ ನುಂಗುತ್ತಿಲ್ಲ ಎಂದರ್ಥ. ಬಚ್ಚಲ ಚಿಲಕ ಹೊರಗಿನಿಂದಲೂ ತೆರೆಯುವಂಥದ್ದಿರಲಿ. ಕಿಟಕಿ ಗ್ರಿಲ್‌ಗಳಲ್ಲಿ ಪ್ರತಿ ಕೋಣೆಗೆ ಒಂದಾದರೂ ಒಳಗಿನಿಂದ ತೆರೆಯಬೇಕು. ಹೊರಬಾಗಿಲು ಎರಡು, ರಾತ್ರಿಯೂ ಬೀಗ ಹಾಕಕೂಡದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿ ಬಿಗಿದಿದ್ದ 28 ಜನ ಬೆಂಕಿಯಲ್ಲಿ ಸತ್ತರು, ಓಡಲು ಆಗಲಿಲ್ಲ. ಸರಪಳಿ ಹಾಕುವುದನ್ನು 2017ರ ಕಾಯ್ದೆಯ ಕಲಂ 95 ನಿಷೇಧಿಸಿದೆ. "ಗೇಟಿಗೆ ಬೀಗ ಹಾಕಿಡಿ" ಎಂದು ಬಡಾವಣೆಯವರು ಷರತ್ತು ಹಾಕಬೇಡಿ. ದಯವಿಟ್ಟು.

ಲೆಕ್ಕಪರಿಶೋಧಕ, ಗದಗ

ಕಟ್ಟಡದ ಬಗ್ಗೆ ಇಷ್ಟೊಂದು ಮಾತು, ನಡೆಸುವ ದುಡ್ಡಿನ ಬಗ್ಗೆ ಒಂದೂ ಇಲ್ಲ. ಇಂಥ ಮನೆಗಳು ನಿಲ್ಲುವುದೂ ಬೀಳುವುದೂ ಅಲ್ಲಿಯೇ.

ಒಂದು ಅಂದಾಜು ಹಾಕೋಣ. ದಿನದ 24 ಗಂಟೆಗೆ ಮೂರು ಪಾಳಿ, ವಾರಕ್ಕೆ 21 ಪಾಳಿ. ಒಬ್ಬರು ವಾರಕ್ಕೆ 6 ಪಾಳಿ ಮಾಡಿದರೆ ಮೂರೂವರೆ ಜನ, ರಜೆ ಸೇರಿಸಿ ನಾಲ್ಕು. ಅಂದರೆ ಸದಾ ಒಬ್ಬ ಆರೈಕೆದಾರರು ಇರಬೇಕೆಂದರೂ ನಾಲ್ಕು ಜನರನ್ನು ನೇಮಿಸಬೇಕು. ಪ್ರಸ್ತಾವದಲ್ಲಿ ಇಬ್ಬರು ಎಂದಿದೆ. ಇಬ್ಬರು ತಲಾ 12 ತಾಸು ದುಡಿದು ಕೆಲವೇ ತಿಂಗಳಿಗೆ ಕೆಲಸ ಬಿಡುತ್ತಾರೆ. ಆಮೇಲೆ ಬರುವವರಿಗೆ ತರಬೇತಿ ಇರುವುದಿಲ್ಲ. ನೆರೆಯವರು ಹೆದರುವ ಗಲಾಟೆ ಶುರುವಾಗುವುದು ಆಗ.

ನಾಲ್ವರಿಗೆ ತಲಾ 14,000, ಅಡುಗೆಯವರಿಗೆ 12,000, ವ್ಯವಸ್ಥಾಪಕರಿಗೆ 22,000 ಹಿಡಿಯಿರಿ, 90,000 ಆಯಿತು. ಆ ವರ್ಷದ ಕನಿಷ್ಠ ವೇತನದ ಅಧಿಸೂಚನೆ ನೋಡಿ ಇದನ್ನು ಏರಿಸಬೇಕಾದೀತು. ಊಟ ತಲೆಗೆ ದಿನಕ್ಕೆ 120 ರೂಪಾಯಿಯಂತೆ 12 ಜನರಿಗೆ ತಿಂಗಳಿಗೆ 43,200. ಕರೆಂಟು, ನೀರು, ಗ್ಯಾಸ್ 8,000, ಓಡಾಟ 6,000, ದುರಸ್ತಿ 10,000. ಒಟ್ಟು 1,57,200. ವರ್ಷಕ್ಕೆ 19 ಲಕ್ಷದ ಹತ್ತಿರ. 3,000 ಚದರಡಿ ಕಟ್ಟಡಕ್ಕೆ ಚದರಡಿಗೆ 2,000 ಹಿಡಿದರೆ 60 ಲಕ್ಷ. ಮೂರು ವರ್ಷ ನಡೆಸುವ ಖರ್ಚು ಕಟ್ಟುವ ಖರ್ಚಿಗೆ ಸರಿಸಮ. ಕಟ್ಟಡಕ್ಕೆ ದಾನಿಗಳು ಸಿಗುತ್ತಾರೆ, ಗೋಡೆಯ ಮೇಲೆ ಹೆಸರು ಬರುತ್ತದೆ. ರಾತ್ರಿ ಪಾಳಿಯ ಸಂಬಳಕ್ಕೆ ಯಾರೂ ಕಲ್ಲು ಕೆತ್ತಿಸುವುದಿಲ್ಲ.

ಗುತ್ತಿಗೆ ಕೊಡುವ ಮೊದಲು ಟ್ರಸ್ಟ್ ಕನಿಷ್ಠ ಒಂದು ವರ್ಷದ ನಿರ್ವಹಣಾ ವೆಚ್ಚವನ್ನು ಬೇರೆ ಖಾತೆಯಲ್ಲಿ ಠೇವಣಿ ಇಡಬೇಕು, ಅದು ಬೇರೆ ಕೆಲಸಕ್ಕೆ ಮುಟ್ಟಬಾರದು ಎಂದು ಷರತ್ತು ಹಾಕಿಸಿ. ಅನುದಾನ ತಡವಾಗುವುದು ಖಚಿತ ಎಂದೇ ತಿಳಿದು ಲೆಕ್ಕ ಹಾಕಬೇಕು.

ಪಾರ್ಕ್ ಉಳಿಸಿ ಬಳಗ

ಇಷ್ಟೆಲ್ಲಾ ಖರ್ಚು ಯಾಕ್ರಿ? ಬಾಡಿಗಿ ಮನಿ ಹಿಡಿದು ನಾಲ್ಕೈದು ಮಂದಿ ಇರಲಿ. ಜಾಗಾನೂ ಉಳೀತೈತಿ, ಜಗಳನೂ ಇಲ್ಲ.

ಮನೋಸಾಮಾಜಿಕ ಕಾರ್ಯಕರ್ತೆ, ಧಾರವಾಡ

ಇದು ಗಟ್ಟಿಯಾದ ಮಾತು, ನಾನೂ ಅರ್ಧ ಒಪ್ಪುತ್ತೇನೆ. ಚೆನ್ನೈನ ದಿ ಬ್ಯಾನಿಯನ್ ಸಂಸ್ಥೆ "ಹೋಮ್ ಎಗೇನ್" ಎಂಬ ಹೆಸರಿನಲ್ಲಿ ಮಾಡಿದ್ದು ಅದನ್ನೇ. ಸಾಮಾನ್ಯ ಓಣಿಗಳಲ್ಲಿ ಬಾಡಿಗೆ ಮನೆ ಹಿಡಿದು ನಾಲ್ಕೈದು ಜನ ಒಟ್ಟಿಗೆ ಇರುತ್ತಾರೆ, ಬೆಂಬಲಕ್ಕೆ ಒಬ್ಬ ಕಾರ್ಯಕರ್ತೆ. ನಾಲ್ಕು ಜನರ ಮನೆ ಹತ್ತು ಜನರ ಮನೆಗಿಂತ ಮನೆಯ ಹಾಗೆ ಇರುತ್ತದೆ. ದುಡಿಯುವ ಶಕ್ತಿ ಇರುವವರಿಗೆ ಅದೇ ಮೇಲು.

ಆದರೆ ಬಾಡಿಗೆ ಕರಾರು 11 ತಿಂಗಳದ್ದು. ಮಾಲೀಕರಿಗೆ ಯಾರೋ ಒಂದು ಮಾತು ಹೇಳಿದರೆ ಖಾಲಿ ಮಾಡಿ ಅನ್ನುತ್ತಾರೆ. ಪ್ರತಿ ಸಲ ಮನೆ ಬದಲಾದಾಗಲೂ ರೇಷನ್ ಕಾರ್ಡ್, ಆಧಾರ್, ಪಿಂಚಣಿಯ ವಿಳಾಸ ಬದಲಾಗಬೇಕು. ಮೊದಲ ಮಹಡಿಯ ಮನೆಯಲ್ಲಿ ಮೊಣಕಾಲು ನೋವಿನ 60 ದಾಟಿದವರು ಇರಲಾರರು. ಕಾಯಂ ಜಾಗ ಬೇಕಾಗಿರುವುದು ಅವರಿಗೆ, ಅಂದರೆ ವಯಸ್ಸಾದವರಿಗೆ, ಬೆಂಬಲ ಹೆಚ್ಚು ಬೇಕಾದವರಿಗೆ. ಪಾಲಿಕೆ ಜಾಗದ ಮನೆಯನ್ನು ಅವರಿಗೇ ಮೀಸಲಿಡಿ ಎಂದು ಕೇಳುವುದು ಸರಿಯಾದೀತು. ಸಂಖ್ಯೆಯನ್ನೂ 10ರಿಂದ 8ಕ್ಕೆ ಇಳಿಸಲು ಕೇಳಬಹುದು. ಸಿಬ್ಬಂದಿ ಖರ್ಚು ಹೆಚ್ಚು ಕಡಿಮೆ ಅಷ್ಟೇ ಇರುವುದರಿಂದ ಟ್ರಸ್ಟ್ ಒಪ್ಪುವುದು ಕಷ್ಟ, ಅದನ್ನೂ ತಿಳಿದಿರಿ.

ವಿದ್ಯಾನಗರದ ಓದುಗ

ನನ್ನ ಉಳಿದ ಭಯ ಒಂದೇ. ಇವತ್ತು 10 ಜನರ ಮನೆ ಎಂದು ಶುರು ಮಾಡಿ ನಾಳೆ 40 ಹಾಸಿಗೆಯ ವ್ಯಸನಮುಕ್ತಿ ಕೇಂದ್ರ ಮಾಡಿದರೆ ತಡೆಯುವವರು ಯಾರು?

ವಕೀಲರು, ಕೇಶ್ವಾಪುರ

ತಡೆಯುವುದು ಗುತ್ತಿಗೆ ಪತ್ರ. ಅದರ ಕರಡು ಸಾಮಾನ್ಯ ಸಭೆಗೆ ಹೋಗುವ ಮೊದಲೇ ಬಡಾವಣೆಯವರು ತಿದ್ದುಪಡಿ ಬರೆದು ಕೊಡಿ. ಗುತ್ತಿಗೆ ನೋಂದಣಿ ಆದ ಮೇಲೆ ಹೇಳಿದರೆ ಪ್ರಯೋಜನವಿಲ್ಲ. ನಾನು ಬರೆಯುವುದಾದರೆ ಹೀಗೆ:

"ಈ ಜಾಗವನ್ನು ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಂಡ ವಯಸ್ಕರ ಗ್ರೂಪ್ ಹೋಮ್‌ಗಾಗಿ ಮಾತ್ರ ಬಳಸತಕ್ಕದ್ದು. ಒಂದೇ ವೇಳೆಗೆ ವಾಸಿಸುವವರ ಸಂಖ್ಯೆ 10 ಮೀರತಕ್ಕದ್ದಲ್ಲ. ಒಳರೋಗಿ ಚಿಕಿತ್ಸೆ, ವ್ಯಸನಮುಕ್ತಿ ಕೇಂದ್ರ, ಕಲ್ಯಾಣ ಮಂಟಪ ಅಥವಾ ವಾಣಿಜ್ಯ ಬಳಕೆಗೆ ಅವಕಾಶವಿಲ್ಲ. ಒಳಗುತ್ತಿಗೆ ಕೊಡತಕ್ಕದ್ದಲ್ಲ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ರದ್ದಾದರೆ ಅಥವಾ ನವೀಕರಣವಾಗದಿದ್ದರೆ ಗುತ್ತಿಗೆ ಕೊನೆಗೊಳ್ಳತಕ್ಕದ್ದು."

ತಾತ್ಕಾಲಿಕ ನೋಂದಣಿ 12 ತಿಂಗಳದ್ದು. ನೋಂದಾಯಿತ ಸಂಸ್ಥೆಗಳ ಪರಿಶೋಧನೆ ಮೂರು ವರ್ಷಕ್ಕೊಮ್ಮೆ ಆಗಬೇಕು. ಆ ವರದಿ ಆದಾಗಲೆಲ್ಲ ಪಾಲಿಕೆಗೆ ಒಂದು ಪ್ರತಿ ಕೊಡಬೇಕೆಂದು ಸೇರಿಸಿ. ಟ್ರಸ್ಟ್ ಕೈಚೆಲ್ಲಿದರೆ ಏನು ಅನ್ನುವುದಕ್ಕೂ ಒಂದು ಷರತ್ತು ಬೇಕು. 90 ದಿನದ ಮುನ್ಸೂಚನೆ, ಆ ಅವಧಿಯಲ್ಲಿ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ನಿವಾಸಿಗಳ ಹೊಣೆ ಹೊರುವ ವ್ಯವಸ್ಥೆ, ಜಾಗ ಪಾಲಿಕೆಗೆ ವಾಪಸು. ಜಾಗವಷ್ಟೇ ವಾಪಸು ಬಂದು ಹತ್ತು ಜನ ಬೀದಿಗೆ ಬರುವಂಥ ಗುತ್ತಿಗೆ ಪತ್ರಕ್ಕೆ ಯಾರೂ ಸಹಿ ಹಾಕಬಾರದು.

ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆಗೆ 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ. ಗಡಿಯ ವಾರ್ಡುಗಳಲ್ಲಿ ಇಂಥ ಪ್ರಸ್ತಾವ ಇದ್ದವರು ಜಾಗ ಯಾವ ಪಾಲಿಕೆಗೆ ಹೋಗುತ್ತದೆ ಎಂದು ಮೊದಲೇ ಕೇಳಿಕೊಳ್ಳಿ. ಗೋಕುಲ ರಸ್ತೆಯವರಿಗೆ ಆ ತೊಡಕು ಬರುವುದಿಲ್ಲ.

ಶುಶ್ರೂಷಾ ಅಧಿಕಾರಿ

ಬಡಾವಣೆಯವರೂ ಕೊಡಬೇಕಾದ್ದು ಸ್ವಲ್ಪ ಇದೆ. ಗಣೇಶ ಹಬ್ಬದ ಪೆಂಡಾಲಿನ ಸ್ಪೀಕರುಗಳ ಮುಖ ಆ ಮನೆಯ ಕಡೆಗೆ ಇರಬಾರದು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ನಿಷೇಧ ಇದ್ದೇ ಇದೆ, ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ನಿದ್ದೆ ಕೆಡುವುದು ಮತ್ತೆ ಕಾಯಿಲೆ ಏಳಲು ದೊಡ್ಡ ಕಾರಣ. ಯಾರಾದರೂ ಗಾಬರಿಯಾಗಿ ರಸ್ತೆಯಲ್ಲಿ ನಿಂತಿದ್ದರೆ ಸುತ್ತ ಗುಂಪು ಕಟ್ಟಬೇಡಿ, ವಿಡಿಯೋ ಮಾಡಬೇಡಿ. ಮನೆಯ ವ್ಯವಸ್ಥಾಪಕರಿಗೆ ಫೋನ್ ಮಾಡಿ, ಅವರು ಸಿಗದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಜೀವಕ್ಕೆ ಅಪಾಯ ಅನ್ನಿಸಿದರೆ 112.

ಪಾರ್ಕ್ ಉಳಿಸಿ ಬಳಗ

ನಮ್ಮ ಬಳಗದಾಗ ಮಾತಾಡಿದ್ವಿ. ನಕ್ಷೆದಾಗ ಉದ್ಯಾನ ಅಂತ ಬಂದ್ರ ನಾವು ಕೋರ್ಟಿಗೆ ಹೋಗ್ತೀವಿ, ಅದರಾಗ ರಾಜಿ ಇಲ್ಲ. ಸಿಎ ಸೈಟ್ ಅಂತ ಬಂದ್ರ, ವಕೀಲರು ಬರೆದ ಷರತ್ತು ಸೇರಿಸಿದ್ರ, ವಿರೋಧ ಮಾಡೂದಿಲ್ಲ. ಆದ್ರ ಹುಡುಗೂರಿಗೆ ಆಡಾಕ ಬ್ಯಾರೆ ಜಾಗ ತೋರಸ್ರಿ ಅಂತ ಅದೇ ಸಭಾದಾಗ ಕೇಳ್ತೀವಿ.

ಗೋಕುಲ ರಸ್ತೆ ನಿವಾಸಿ

ಹಂಗಾರ ಸೋಮವಾರ ಮೂರು ಮಾಹಿತಿ ಹಕ್ಕು ಅರ್ಜಿ ಹಾಕೋಣು. ಲೆಕ್ಕಪರಿಶೋಧಕರ ಪಟ್ಟಿ ಹಿಡಿದು ಟ್ರಸ್ಟಿಗೆ ಒಂದು ಪತ್ರ, ಇಂಜಿನಿಯರ್ ಸರ್ ಹೇಳಿದ ಸಂಪು, ರ‍್ಯಾಂಪ್, ಲೈನ್ ಅಂತರದ ತಿದ್ದುಪಡಿ ವಲಯ ಕಚೇರಿಗೆ ಇನ್ನೊಂದು. ಅರ್ಜಿ ನಮೂನೆ ನಾ ಬರೀತೀನಿ, ಏನರ ಬಿಟ್ಟಿದ್ರ ಹೇಳ್ರಿ.

ನಿವೃತ್ತ ಪಾಲಿಕೆ ಇಂಜಿನಿಯರ್

ಅರ್ಜಿದಾಗ ಬರೇ ಬಡಾವಣೆ ಹೆಸರು ಹಾಕಬ್ಯಾಡ್ರಿ, "ಜಾಗ ಗುರುತು ಸಿಗಲಿಲ್ಲ" ಅಂತ ವಾಪಸ್ ಬರ್ತದ. ಹಳೇ ಸರ್ವೆ ನಂಬರ್, ಸಿಟಿಎಸ್ ನಂಬರ್, ವಾರ್ಡ್ ನಂಬರ್ ಮೂರೂ ಬರೀರಿ, ನಾಲ್ಕೂ ಕಡೆ ಚಕ್ಕಬಂದಿ ಕೊಡ್ರಿ. ಹುಡಾಕ್ಕ ಹಾಕೂ ಅರ್ಜಿದಾಗ ಮಂಜೂರಾದ ಮೂಲ ನಕ್ಷೆ ಅಷ್ಟ ಅಲ್ಲ, ಆಮ್ಯಾಲಿನ ಪರಿಷ್ಕೃತ ನಕ್ಷೆಗಳನ್ನೂ ಕೇಳ್ರಿ. ಉದ್ಯಾನ ಸಿಎ ಆಗೂದು, ಸಿಎ ಉದ್ಯಾನ ಆಗೂದು ಪರಿಷ್ಕೃತ ನಕ್ಷೆದಾಗನ.